ಸ್ಕೂಟರ್ ಏರಿ ಹೋಗುವ ಚಿತ್ರ

ಬೆಂಗಳೂರಿನ ರಸ್ತೆಯಲ್ಲಿ ಕಲಾವಿದರೇ ನಿಂತು ಚಿತ್ರ ಮಾರುವ ಚಿತ್ರಸಂತೆಗೆ ಮೊದಲ ವರ್ಷ ಇಪ್ಪತ್ತೆರಡು ಜಲವರ್ಣ ಚಿತ್ರಗಳನ್ನು ಒಯ್ದಿದ್ದೆ. ಎಲ್ಲಕ್ಕೂ ಗಾಜು, ಎಲ್ಲಕ್ಕೂ ಮರದ ಫ್ರೇಮ್. ಶಿರಸಿಯಿಂದ ರಾತ್ರಿ ಬಸ್ಸಿನಲ್ಲಿ ಬಂದು, ಬೆಳಗಿನ ಜಾವ ಕುಮಾರಕೃಪಾ ರಸ್ತೆಯಲ್ಲಿ ಗಂಟು ಬಿಚ್ಚಿದಾಗ ಐದರ ಗಾಜು ಒಡೆದಿತ್ತು. ಒಂದು ಚೂರಂತೂ ನನ್ನ ಅಡಿಕೆ ತೋಟದ ಆಕಾಶವನ್ನೇ ಗೀರಿ ಹಾಕಿತ್ತು. ರಾತ್ರಿಯವರೆಗೆ ನಿಂತು ಮಾರಿದ್ದು ಒಂದೇ ಒಂದು, 2,500 ರೂಪಾಯಿಗೆ. ಫ್ರೇಮ್ ಹಾಕಿಸುವುದಕ್ಕೇ ಹನ್ನೊಂದು ಸಾವಿರದಷ್ಟು ಸುರಿದಿದ್ದೆ. ಹೋಗಿ ಬರುವ ಖರ್ಚು, ಹೊಟ್ಟೆಪಾಡು ಬೇರೆ.

ಎರಡನೇ ವರ್ಷ ಜಾಣನಾಗಲು ಹೋಗಿ ಅರ್ಧಕ್ಕರ್ಧ ಪ್ರಿಂಟ್ ಮಾಡಿಸಿದೆ. ಎರಡು ಸ್ಟಾಲ್ ಆಚೆ ಒಬ್ಬರು ಅದೇ ಅಳತೆಯ ಪ್ರಿಂಟನ್ನು ನೂರು ರೂಪಾಯಿಗೆ ಕೊಡುತ್ತಿದ್ದರು. ನನ್ನದು ಇನ್ನೂರೈವತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಪ್ರಿಂಟ್ ನೋಡಿದವರು ಪಕ್ಕದಲ್ಲಿದ್ದ ಅಸಲಿ ಚಿತ್ರವನ್ನೂ ಬೆರಳಿನಿಂದ ತಟ್ಟಿ, "ಇದೂ ಪ್ರಿಂಟಾ?" ಎಂದು ಕೇಳಿ ಮುಂದೆ ಹೋದರು.

ಆ ದಿನ ಸಂಜೆ ನಡೆದದ್ದೇ ನನ್ನ ಕಣ್ಣು ತೆರೆಸಿತು. ಒಬ್ಬ ದಂಪತಿ ಮೂರಡಿಯ ಚಿತ್ರವೊಂದರ ಮುಂದೆ ಅರ್ಧ ಗಂಟೆ ನಿಂತರು. ಚೌಕಾಸಿ ಮುಗಿದು ನಾಲ್ಕು ಸಾವಿರಕ್ಕೆ ಕುದುರಿತು. ನಾನು ದಾರ ಕತ್ತರಿಸುತ್ತಿದ್ದೆ. ಆಗ ಆಕೆ ಗಂಡನ ಕಡೆ ತಿರುಗಿ, "ರೀ, ಸ್ಕೂಟರಿನಲ್ಲಿ ಇದನ್ನು ಹೇಗೆ ಹಿಡಿದುಕೊಳ್ಳಲಿ?" ಎಂದರು. ಅಣ್ಣನ ಕಾರು ತರುತ್ತೇವೆ ಎಂದು ಹೇಳಿ ಹೋದವರು ಇಂದಿಗೂ ಬಂದಿಲ್ಲ.

'ಮನೆಗೊಂದು ಕಲಾಕೃತಿ' ಎಂಬುದು ಸಂತೆಯ ಆಶಯ. ಸರಿ, ಮನೆಗೆ ಹೋಗುವುದು ಹೇಗೆ? ವಾಹನ ಬಿಡದ ರಸ್ತೆಯಲ್ಲಿ ಜನಜಂಗುಳಿಯ ನಡುವೆ ಗಾಜಿನ ಫ್ರೇಮ್ ಹೊತ್ತು ನಡೆದು, ಮೆಟ್ರೊ ಹತ್ತುವವರು ಯಾರು?

ಮೂರನೇ ವರ್ಷ 22×30 ಇಂಚಿನ, ದಪ್ಪನೆಯ 300 ಜಿಎಸ್‌ಎಂ ಕಾಗದವನ್ನು ಎಂಟು ಭಾಗ ಮಾಡಿದೆ. ಆಗ ಒಂದು ಶೀಟಿಗೆ ಸುಮಾರು 300 ರೂಪಾಯಿ ಇತ್ತು. ಚಿತ್ರವೊಂದಕ್ಕೆ ನಲವತ್ತರೊಳಗೆ ಬಿತ್ತು. ಯಾವ ಅಂಗಡಿಯಲ್ಲೂ ಸಿಗುವ ಎ4 ಫ್ರೇಮಿಗೆ ಸರಿಯಾಗಿ ಕೂರುವಂತೆ ಮೌಂಟ್ (ಚಿತ್ರದ ಸುತ್ತ ಬರುವ ರಟ್ಟಿನ ಅಂಚು) ಕತ್ತರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಎಲ್ಲ ಸೇರಿ ಎಪ್ಪತ್ತು. ಮೌಂಟಿನ ಮೂಲೆಯಲ್ಲಿ ಪೆನ್ಸಿಲ್‌ನಿಂದ 800 ಎಂದು ಬರೆದೆ. ಚೌಕಾಸಿ ಇಲ್ಲ. ಗಾಜಿಲ್ಲದ ಒಂದೇ ಒಂದು ಖಾಲಿ ಫ್ರೇಮನ್ನು ಮಾತ್ರ ಊರಿನಿಂದ ತಂದಿದ್ದೆ. ಗ್ರಾಹಕರು ಕೈಗೆತ್ತಿಕೊಂಡ ಚಿತ್ರದ ಮೇಲೆ ಅದನ್ನು ಇಟ್ಟು ತೋರಿಸುವುದು, ಅಷ್ಟೇ. ಜನ ತಮ್ಮ ಗೋಡೆಯನ್ನು ಆಗಲೇ ನೋಡಲು ಶುರುಮಾಡುತ್ತಾರೆ.

ಪಕ್ಕದ ಸ್ಟಾಲಿನ ಹಿರಿಯ ತೈಲವರ್ಣದವರು ನಕ್ಕರು. "ತಮ್ಮಾ, ಕೊತ್ತಂಬರಿ ಸೊಪ್ಪು ಕಟ್ಟು ಕಟ್ಟಿ ಮಾರುವ ಹಾಗೆ ಮಾಡಿದೆಯಲ್ಲ" ಎಂದರು. "ಸೊಪ್ಪು ಸಂಜೆಗೆ ಖಾಲಿಯಾಗುತ್ತದೆ ಸರ್" ಎಂದೆ. ಬಾಯಿ ಜೋರು ಮಾಡಿದರೂ ಎದೆಯಲ್ಲಿ ಅಳುಕಿತ್ತು.

ಇನ್ನೊಂದು ಕೆಲಸ ಮಾಡಿದ್ದೆ: ಬಣ್ಣದ ಕೆಳಗಿನ ಪೆನ್ಸಿಲ್ ಗೆರೆಗಳನ್ನು ಅಳಿಸದೆ ಬಿಟ್ಟಿದ್ದೆ. ಹೆಂಚಿನ ಮಾಡಿನ ಅಂಚಿನಲ್ಲಿ ಎರಡು ಸಲ ತಪ್ಪಿ ತಿದ್ದಿದ ಗೆರೆ ಕಾಣುತ್ತದೆ. ಪ್ರಿಂಟಾ ಎಂದು ಕೇಳಿದವರ ಕೈಗೆ ಚಿತ್ರ ಕೊಟ್ಟು, ಬೆಳಕಿಗೆ ಓರೆ ಹಿಡಿಯಲು ಹೇಳುತ್ತಿದ್ದೆ. ಗೆರೆ ಮಿನುಗಿದೊಡನೆ ಮುಖ ಬದಲಾಗುತ್ತಿತ್ತು. ಸ್ಟಾಲಿನ ಮುಂದಿನ ಸಾಲಿನಲ್ಲಿ ಯಾವ ಬಣ್ಣದ ಚಿತ್ರ ಇಡುತ್ತೇನೆ, ಹಿಂದೆ ಯಾವ ಬಟ್ಟೆ ಕಟ್ಟುತ್ತೇನೆ ಎಂಬುದನ್ನು ಮಾತ್ರ ಬರೆಯುವುದಿಲ್ಲ. ಪಕ್ಕದ ಸ್ಟಾಲಿನವರೂ ಓದುತ್ತಾರೆ.

ಲೆಕ್ಕ ನೆನಪಿನಿಂದ ಹೇಳುತ್ತೇನೆ. ಚಿಕ್ಕವು ನಲವತ್ತೈದು ಒಯ್ದಿದ್ದೆ, ಮೂವತ್ತೊಂದೋ ಮೂವತ್ತೆರಡೋ ಹೋದವು. ಕಾಲು ಶೀಟಿನವು ನಾಲ್ಕು, 2,500ರಂತೆ. ಒಟ್ಟು ಮೂವತ್ತೈದು ಸಾವಿರದ ಆಸುಪಾಸು. ಎಲ್ಲ ಖರ್ಚು ಕಳೆದು ಇಪ್ಪತ್ತಾರು ಉಳಿಯಿತು. ದೊಡ್ಡವು ನಾಲ್ಕನ್ನೂ ಕೊಂಡವರು ಮೊದಲು ಚಿಕ್ಕದನ್ನು ಕೈಗೆತ್ತಿಕೊಂಡವರೇ. ಹನ್ನೆರಡು ಗಂಟೆಯ ಹೊತ್ತಿಗೆ ಜನ ಹೆಚ್ಚಾಗಿ ಮೊಬೈಲ್ ನೆಟ್‌ವರ್ಕ್ ಕೈಕೊಟ್ಟಿತು. ಕ್ಯೂಆರ್ ಕೋಡ್ ನಂಬಿ ಚಿಲ್ಲರೆ ಇಲ್ಲದೆ ಕುಳಿತಿದ್ದ ನಾನು ಮೂರು ಗಿರಾಕಿಗಳನ್ನಾದರೂ ಕಳೆದುಕೊಂಡೆ. ಈಗ ಇನ್ನೂರರ ನೋಟುಗಳ ಕಟ್ಟು ಸೊಂಟದ ಚೀಲದಲ್ಲೇ ಇರುತ್ತದೆ.

ಹುಚ್ಚಾಟಗಳೂ ನಡೆದವು. ಅಡಿಕೆ ಹಾಳೆಯ ಮೇಲೆ ಬಿಡಿಸಿ ತಂದರೆ ಚೆನ್ನಾಗಿರುತ್ತದೆ ಎನಿಸಿತು. ಮಧ್ಯಾಹ್ನದ ಬಿಸಿಲಿಗೆ ಹತ್ತೂ ಹಪ್ಪಳದಂತೆ ಸುರುಟಿದವು. ಮಂಗಳೂರು ಹೆಂಚಿನ ಮೇಲೆ ಆಕ್ರಿಲಿಕ್ ಹಚ್ಚಿದ್ದು ಜನರಿಗೆ ಬಹಳ ಹಿಡಿಸಿತು, ಆರಕ್ಕೆ ಆರೂ ಹೋದವು. ಆದರೆ ಬಸ್ಸಿನಿಂದ ಆಟೊವರೆಗೆ ಹೊತ್ತ ನನ್ನ ಬೆನ್ನು ವಾರ ಕಾಲ ಮಾತಾಡಿತು. ಯಾರಾದರೂ ಬೆಂಗಳೂರಿನಲ್ಲೇ ಹಳೆಯ ಹೆಂಚು ಹುಡುಕಿಕೊಂಡು ಮಾಡಿ ನೋಡಿ. ಜಲವರ್ಣದವರಿಗೆ ಇನ್ನೊಂದು ಮಾತು: ಬೆಳಗಿನ ಇಬ್ಬನಿ ಆರುವ ಮೊದಲು ಚಿತ್ರ ಹೊರತೆಗೆಯಬೇಡಿ. ಕಾಗದ ಉಬ್ಬಿದರೆ ಮೌಂಟಿನೊಳಗೆ ಹಾವಿನಂತೆ ಡೊಂಕಾಗಿ ಕೂರುತ್ತದೆ.

ಹೋದ ಸಲವೂ ಆ ಹಿರಿಯರು ಸಿಕ್ಕರು. ಅವರ ಮೇಜಿನ ಮೇಲೆ ಎ4 ಅಳತೆಯ ತೈಲಚಿತ್ರಗಳು ಸಾಲಾಗಿ ಕುಳಿತಿದ್ದವು. ನಾನು ಏನೂ ಹೇಳಲಿಲ್ಲ. ಹನ್ನೊಂದರ ಹೊತ್ತಿಗೆ ಬಂದು, "ತಮ್ಮಾ, ಆ ಖಾಲಿ ಫ್ರೇಮ್ ಐದು ನಿಮಿಷ ಕೊಡು" ಎಂದರು. ಕೊಟ್ಟೆ. ಮುಕ್ಕಾಲು ಗಂಟೆ ಅದು ವಾಪಸ್ ಬರಲಿಲ್ಲ. ಅಷ್ಟು ಹೊತ್ತೂ ನನ್ನಲ್ಲಿ ಒಂದು ಚಿತ್ರವೂ ಹೋಗಲಿಲ್ಲ.