ಮಗುವಿನ ಮಿಸುಕಾಟವನ್ನು ನಾನು ಲೆಕ್ಕವಿಟ್ಟ ಬಗೆ: ನನ್ನ ಅನುಭವ

ಚೊಚ್ಚಲು ಬಸಿರಿನಲ್ಲಿ ನಾಲ್ಕೂವರೆ ತಿಂಗಳು ಕಳೆದರೂ ಹೊಟ್ಟೆಯೊಳಗೆ ಮಗು ಮಿಸುಕಾಡುವುದು ನನಗೆ ಗೊತ್ತಾಗಿರಲಿಲ್ಲ. ದಾವಣಗೆರೆಯ ನಮ್ಮ ಮನೆಯಲ್ಲಿ ಅತ್ತೆಯವರು ದಿನಕ್ಕೊಮ್ಮೆಯಾದರೂ "ಏನಾರ ಗೊತ್ತಾತೇನವ್ವ?" ಎಂದು ಕೇಳುತ್ತಿದ್ದರು. ನನ್ನ ಓರಗಿತ್ತಿಗೆ ಎರಡನೆಯ ಬಸಿರಿನಲ್ಲಿ ನಾಲ್ಕು ತಿಂಗಳಿಗೇ ತಿಳಿದಿತ್ತು ಎಂಬ ಮಾತು ಮನೆಯಲ್ಲಿ ಬಂದಾಗಲೆಲ್ಲ ನನ್ನ ಎದೆ ಕುಸಿಯುತ್ತಿತ್ತು. 19ನೆಯ ವಾರದ ಸ್ಕ್ಯಾನಿಂಗಿನಲ್ಲಿ ಮಗು ಕೈಕಾಲು ಆಡಿಸುತ್ತಿರುವುದನ್ನು ಪರದೆಯ ಮೇಲೆ ಕಣ್ಣಾರೆ ನೋಡಿದೆ. ಆದರೆ ಅದೇ ಕ್ಷಣದಲ್ಲಿ ಹೊಟ್ಟೆಯಲ್ಲಿ ನನಗೆ ಏನೂ ತಿಳಿಯಲಿಲ್ಲ.

ಕಾರಣವನ್ನು ವೈದ್ಯರು ಅಂದೇ ಬಿಡಿಸಿ ಹೇಳಿದರು. ಮಾಸು (ಪ್ಲಾಸೆಂಟಾ) ಗರ್ಭಕೋಶದ ಮುಂಭಾಗದ ಗೋಡೆಗೆ ಅಂಟಿಕೊಂಡಿದ್ದರಿಂದ ಮಗುವಿನ ಕಾಲಿಗೂ ನನ್ನ ಹೊಟ್ಟೆಗೂ ನಡುವೆ ಅದು ಮೆತ್ತೆಯಂತೆ ನಿಂತಿತ್ತು. ಸಾಮಾನ್ಯವಾಗಿ 16ರಿಂದ 24 ವಾರಗಳ ನಡುವೆ ಮೊದಲ ಮಿಸುಕಾಟ ತಿಳಿಯುತ್ತದೆ, ಚೊಚ್ಚಲಿನವರಿಗೆ ಬಹಳ ಸಲ 20 ವಾರ ದಾಟಿದ ಮೇಲೆಯೇ ಗೊತ್ತಾಗುತ್ತದೆ, 24 ವಾರವಾದರೂ ಏನೂ ತಿಳಿಯದಿದ್ದರೆ ಬಂದು ತೋರಿಸಬೇಕು ಎಂದರು.

22ನೆಯ ವಾರದ ಒಂದು ರಾತ್ರಿ ಊಟ ಮುಗಿಸಿ ಮಲಗಿದ್ದಾಗ ಕಿಬ್ಬೊಟ್ಟೆಯ ಎಡಕ್ಕೆ, ಮಂಡಕ್ಕಿ ಭಟ್ಟಿಯ ಬಿಸಿ ಮರಳಿನಲ್ಲಿ ಒಂದೇ ಒಂದು ಕಾಳು ಅರಳಿದಂತೆ, ಏನೋ ಪಟ್ಟನೆ ಆಡಿತು. ವಾಯು ಇರಬೇಕೆಂದು ಸುಮ್ಮನಾದೆ. ಮರುದಿನ ರಾತ್ರಿ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಎರಡು ಸಲ ಆದಾಗ ಅದು ವಾಯುವಲ್ಲ ಎಂದು ನಿಶ್ಚಯವಾಯಿತು. ಆಗ ಯಾರನ್ನೂ ಕರೆಯಲಿಲ್ಲ. ಕತ್ತಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಎಚ್ಚರವಾಗಿಯೇ ಇದ್ದೆ.

ಏಳನೆಯ ತಿಂಗಳಲ್ಲಿ ಕುಬುಸದ ಕಾರ್ಯ ಮುಗಿಸಿಕೊಂಡು ಚಳ್ಳಕೆರೆ ತಾಲ್ಲೂಕಿನ ತವರಿಗೆ ಬಂದೆ. ಬಸಿರಿನ ತಪಾಸಣೆ ಬರೆದಿಡುವ ನನ್ನ "ತಾಯಿ ಕಾರ್ಡ್" ನೋಡಿದ ನರ್ಸಮ್ಮನವರು 28 ವಾರ ತುಂಬಿದ್ದನ್ನು ಗಮನಿಸಿ, ಇನ್ನು ದಿನಕ್ಕೊಮ್ಮೆ ಲೆಕ್ಕವಿಡು ಎಂದು ಹೇಳಿಕೊಟ್ಟರು. ದಿನವೂ ಒಂದೇ ಹೊತ್ತಿನಲ್ಲಿ, ಮಗು ಹೆಚ್ಚು ಆಡುವ ವೇಳೆ ನೋಡಿ, ಎಡಮಗ್ಗುಲಿಗೆ ಮಲಗಿ ಎಣಿಸಬೇಕು. ಒದ್ದರೂ ಒಂದು, ಹೊರಳಿದರೂ ಒಂದು, ಮೊಣಕೈ ಒತ್ತಿದರೂ ಒಂದು. ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ಬಿಕ್ಕಳಿಕೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬಾರದು. ಎರಡು ಗಂಟೆಯೊಳಗೆ ಹತ್ತು ಆಗಬೇಕು. ನಮ್ಮ ಮನೆಯಲ್ಲಿ ಶೇಂಗಾಕ್ಕೆ ಕೊರತೆಯಿಲ್ಲವಾದ್ದರಿಂದ ನಾನು ಹತ್ತು ಬೀಜಗಳನ್ನು ಒಂದು ಬಟ್ಟಲಲ್ಲಿಟ್ಟುಕೊಂಡು, ಮಗು ಆಡಿದಾಗಲೊಮ್ಮೆ ಒಂದೊಂದನ್ನು ಇನ್ನೊಂದು ಬಟ್ಟಲಿಗೆ ಹಾಕುತ್ತಿದ್ದೆ. ಬೀಜ ಮುಗಿದಾಗ ಗಡಿಯಾರ ನೋಡಿ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ನಿಮಿಷ ಬರೆದಿಡುತ್ತಿದ್ದೆ.

ಎರಡು ವಾರ ಬರೆದ ಮೇಲೆ ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಹತ್ತರ ಲೆಕ್ಕಕ್ಕಿಂತ ಹೆಚ್ಚಾಗಿ ನನ್ನ ಮಗುವಿನ ರೂಢಿಯ ತಿಳಿವಳಿಕೆ. ರಾತ್ರಿ ಒಂಬತ್ತರ ಹೊತ್ತಿಗೆ ಹತ್ತು ಬೀಜಗಳು ಇಪ್ಪತ್ತೈದರಿಂದ ನಲವತ್ತು ನಿಮಿಷದಲ್ಲಿ ಮುಗಿಯುತ್ತಿದ್ದವು. ಬೆಳಿಗ್ಗೆ ನಾನು ಓಡಾಡುವಾಗ ಮಗು ಹೆಚ್ಚಾಗಿ ಸುಮ್ಮನಿರುತ್ತಿತ್ತು. ಹೊಟ್ಟೆಯೊಳಗಿನ ಮಗುವೂ ಒಮ್ಮೆಗೆ ಇಪ್ಪತ್ತರಿಂದ ನಲವತ್ತು ನಿಮಿಷ ನಿದ್ದೆ ಮಾಡುತ್ತದೆ, ಆ ನಿದ್ದೆ ಒಂದೂವರೆ ಗಂಟೆ ಮೀರುವುದು ಅಪರೂಪ ಎಂದು ತಿಳಿದ ಮೇಲೆ ಪ್ರತಿ ಮೌನಕ್ಕೂ ಬೆದರುವುದನ್ನು ಬಿಟ್ಟೆ.

33ನೆಯ ವಾರದಲ್ಲಿ ಒಂದು ರಾತ್ರಿ ಎರಡು ಗಂಟೆಯಲ್ಲಿ ಆರು ಬೀಜ ಮಾತ್ರ ಬಟ್ಟಲು ಬದಲಾಯಿಸಿದವು. ಅಪ್ಪ ಬಾಡಿಗೆ ಕಾರು ಮಾಡಿಸಿ ಚಿತ್ರದುರ್ಗಕ್ಕೆ ಕರೆದೊಯ್ದರು. ಹೊಟ್ಟೆಗೆ ಬೆಲ್ಟ್ ಕಟ್ಟಿ, ಮಗುವಿನ ಎದೆಬಡಿತವನ್ನು ಕಾಗದದ ಮೇಲೆ ದಾಖಲಿಸುವ ಪರೀಕ್ಷೆಯಾದ ಎನ್‌ಎಸ್‌ಟಿ ಮಾಡಿದರು. ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರ ಒಳಗಿರಬೇಕು, ಮಗು ಆಡಿದಾಗ ಅದು ಸ್ವಲ್ಪ ಹೊತ್ತು ಏರಿ ಇಳಿಯಬೇಕು ಎಂದು ಸಿಸ್ಟರ್ ಕಾಗದದ ಮೇಲಿನ ಗೆರೆಗಳನ್ನೇ ತೋರಿಸಿ ವಿವರಿಸಿದರು. ಎಲ್ಲವೂ ಸರಿಯಾಗಿತ್ತು. ಕಾರಿನಲ್ಲೇ ಮಗು ಎಚ್ಚೆತ್ತು ಒದೆಯತೊಡಗಿತ್ತು. ವೈದ್ಯರು, ಬಂದದ್ದು ಒಳ್ಳೆಯದಾಯಿತು, ಮತ್ತೆ ಕಡಿಮೆಯೆನಿಸಿದರೆ ಮತ್ತೆ ಬನ್ನಿ ಎಂದು ಕಳುಹಿಸಿದರು. ಆದರೆ ಊರಿಗೆ ಮರಳಿದ ಮೇಲೆ ಅಕ್ಕಪಕ್ಕದವರ "ಸುಮ್ಮನೆ ಹೆದರಿದಳು" ಎಂಬ ಮಾತು, ಅಪ್ಪನಿಗಾದ ಖರ್ಚು, ಇವೆರಡೂ ನನ್ನ ಮನಸ್ಸಿನಲ್ಲಿ ವೈದ್ಯರ ಮಾತಿಗಿಂತ ಆಳವಾಗಿ ಕುಳಿತವು. ನಾನು ಮಾಡಿದ ತಪ್ಪು ಅಲ್ಲಿಂದಲೇ ಶುರುವಾಯಿತು.

37ನೆಯ ವಾರದಲ್ಲಿ ಒಂದು ಸಂಜೆಯಿಂದ ಮಗುವಿನ ಆಟ ತಗ್ಗಿತು. ಒಂಬತ್ತಕ್ಕೆ ಮಲಗಿ ಎಣಿಸಿದರೆ ಹನ್ನೊಂದಾದರೂ ನಾಲ್ಕೇ ಬೀಜ. ಅವ್ವ, "ದಿನ ತುಂಬಿದ ಮೇಲೆ ಒಳಗೆ ಜಾಗ ಸಾಲಂಗಿಲ್ಲ, ಕೂಸು ಸುಮ್ಮನಾಗ್ತೈತಿ" ಎಂದು ಸಮಾಧಾನ ಹೇಳಿದಳು. ಅವಳ ಕಾಲದಲ್ಲಿ ಅವಳಿಗೆ ಹೇಳಿದ್ದೂ ಅದನ್ನೇ. ನಿಜವಾಗಿ, ಸುಮಾರು 32 ವಾರಗಳವರೆಗೆ ಮಿಸುಕಾಟ ಹೆಚ್ಚುತ್ತಾ ಹೋಗಿ ಆ ಮೇಲೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಚುರುಕಾದ ಒದೆತ ಹೋಗಿ ಒತ್ತುವುದು, ಹೊರಳುವುದು ಹೆಚ್ಚಾಗಬಹುದೇ ಹೊರತು ಹೆರಿಗೆ ಹತ್ತಿರವಾಯಿತೆಂದು ಆಟ ಕಡಿಮೆಯಾಗಬಾರದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಮತ್ತೆ ಎಲ್ಲರನ್ನೂ ಎಬ್ಬಿಸಿ ಏನೂ ಇಲ್ಲವೆಂದಾದರೆ ಎಂಬ ನಾಚಿಕೆಯಿಂದ, ಹತ್ತಿರದ ಒಂದು ಕ್ಲಿನಿಕ್ಕಿಗೆ ಫೋನ್ ಮಾತ್ರ ಮಾಡಿದೆ. "ಸಿಹಿ ತಿಂದು ಮಲಗಿ, ಬೆಳಿಗ್ಗೆ ಬನ್ನಿ" ಎಂಬ ಉತ್ತರ ಬಂತು. ಬೆಲ್ಲ ತಿಂದು ಹಾಲು ಕುಡಿದು ಮಲಗಿದೆ. ಬೆಳಗಿನ ಜಾವ ನಾಲ್ಕರವರೆಗೆ ಮಗು ಅಲುಗಿದ್ದು ಎರಡೇ ಸಲ. ಆಗ ಅಪ್ಪನನ್ನು ಎಬ್ಬಿಸಿದೆ.

ಚಿತ್ರದುರ್ಗ ತಲುಪಿದಾಗ ಬೆಳಕು ಹರಿಯುತ್ತಿತ್ತು. ನಲವತ್ತು ನಿಮಿಷ ಬೆಲ್ಟ್ ಕಟ್ಟಿದರೂ ಗೆರೆ ಒಮ್ಮೆಯೂ ಏರಲಿಲ್ಲ. ಸ್ಕ್ಯಾನಿಂಗಿನಲ್ಲಿ ಮಗುವಿನ ಸುತ್ತಲಿನ ನೀರು ಬಹಳ ಕಡಿಮೆಯಾಗಿರುವುದು ಕಂಡಿತು. ಬೆಳಿಗ್ಗೆ ಹನ್ನೊಂದರೊಳಗೆ ಸಿಸೇರಿಯನ್ ಆಗಿ ಮಗಳು ಹುಟ್ಟಿದಳು. 2 ಕೆ.ಜಿ. 250 ಗ್ರಾಂ. ಹುಟ್ಟಿದೊಡನೆ ಅತ್ತಳು. ಇನ್ನೂ ಕಾದಿದ್ದರೆ ಏನಾಗುತ್ತಿತ್ತೋ ಹೇಳಲಾಗದು ಎಂದು ಆ ಡಾಕ್ಟರಮ್ಮ ಗದರದೆ, ಮೆಲ್ಲಗೆ ಹೇಳಿದರು. ರಾತ್ರಿ ಒಂಬತ್ತರಿಂದ ನಾಲ್ಕರವರೆಗಿನ ಆ ಏಳು ಗಂಟೆಗಳನ್ನು ನೆನೆದರೆ ನನಗೆ ಇಂದಿಗೂ ಮೈ ತಣ್ಣಗಾಗುತ್ತದೆ. ಮೊದಲ ಸಲ ಏನೂ ಇಲ್ಲದೆ ಮರಳಿದ್ದು ನನ್ನ ಹುಸಿ ಹೆದರಿಕೆಯಾಗಿರಲಿಲ್ಲ. ಆ ಪರೀಕ್ಷೆ ಇರುವುದೇ ಹಾಗೆ ನೋಡಿ ಕಳುಹಿಸುವುದಕ್ಕೆ. ಎರಡನೆಯ ಸಲ ಕಡಿಮೆಯಾದಾಗ ಇನ್ನೂ ಬೇಗ ಹೋಗಬೇಕಾಗಿತ್ತು.

ಈಗ ಎರಡನೆಯ ಬಸಿರು, 26 ವಾರ ತುಂಬಿದೆ. ಈ ಸಲ ಮಾಸು ಹಿಂಭಾಗದಲ್ಲಿರುವುದರಿಂದಲೂ, ಆ ಸ್ಪರ್ಶದ ಗುರುತು ಮೊದಲೇ ಇರುವುದರಿಂದಲೂ 17ನೆಯ ವಾರಕ್ಕೇ ಮಗು ಆಡಿದ್ದು ತಿಳಿಯಿತು. ತವರಿಗೆ ಹೋಗದೆ ದಾವಣಗೆರೆಯಲ್ಲಿಯೇ ಉಳಿಯುವುದೆಂದು ನಿಶ್ಚಯಿಸಿದ್ದೇನೆ. ರಾತ್ರಿ ವೇಳೆಯೂ ಎನ್‌ಎಸ್‌ಟಿ ಮತ್ತು ಆಪರೇಷನ್ ಎರಡಕ್ಕೂ ವ್ಯವಸ್ಥೆಯಿರುವ ಆಸ್ಪತ್ರೆಯನ್ನು ಈಗಲೇ ವಿಚಾರಿಸಿಟ್ಟುಕೊಂಡಿದ್ದೇನೆ. ಆಟೋದವರ ನಂಬರನ್ನೂ 108 ಅನ್ನೂ ಗೋಡೆಯ ಮೇಲೆ ಬರೆದಿದೆ. ಎರಡು ಗಂಟೆಯಲ್ಲಿ ಹತ್ತು ಆಗದಿದ್ದರೆ, ಅಥವಾ ಹತ್ತಾದರೂ ಮಗುವಿನ ದಿನದ ರೂಢಿ ತಪ್ಪಿತೆಂದು ನನಗೆ ಅನ್ನಿಸಿದರೆ, ಎಷ್ಟು ಹೊತ್ತಾಗಿದ್ದರೂ ಎಬ್ಬಿಸುತ್ತೇನೆ ಎಂದು ಮನೆಯವರಿಗೆ ಹೇಳಿದ್ದೇನೆ. ಅತ್ತೆಯವರು ಎರಡು ಬಟ್ಟಲುಗಳನ್ನು ತೊಳೆದು ನನ್ನ ಹಾಸಿಗೆಯ ಪಕ್ಕದ ಮಾಡದಲ್ಲಿ ಇಟ್ಟಿದ್ದಾರೆ. 28 ವಾರ ತುಂಬಲು ಇನ್ನೆರಡು ವಾರವಿದೆ.