ಸೇಂಟ್ ಕಿಲ್ಡಾದಲ್ಲಿ ನಾಲ್ಕು ಗಂಟೆ

ಮಲ್ಪೆ ಬಂದರಿನ ಮೀನಿನ ವಾಸನೆ ಮನೆಯ ಜಗಲಿವರೆಗೂ ಬರುವಷ್ಟು ಹತ್ತಿರ ಬೆಳೆದವರು ನಾವು. ಆದರೂ ಕೆಲಸಕ್ಕೆಂದು ಗ್ಲಾಸ್ಗೋಗೆ ಬರುವವರೆಗೆ ಸಮುದ್ರದ ಮೇಲೆ ಒಂದು ರಾತ್ರಿಯೂ ಕಳೆದಿರಲಿಲ್ಲ. ನಾಚಿಕೆಯ ವಿಷಯ ಅಲ್ವಾ? ಅದನ್ನು ಸರಿಮಾಡೋಕೆ ಹೋಗಿ ಒಂದೇ ದ್ವೀಪಕ್ಕೆ ಎರಡು ವರ್ಷ ದುಡ್ಡು ಕಟ್ಟಬೇಕಾಯಿತು.

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ನಕ್ಷೆ ನೋಡಿದರೆ ಯಾರೋ ಹಪ್ಪಳ ಪುಡಿಮಾಡಿ ಚೆಲ್ಲಿದ ಹಾಗಿದೆ. ಆ ಚೂರುಗಳಿಗೆ ಹೆಬ್ರಿಡೀಸ್ ಅಂತಾರೆ. ಅವನ್ನೂ ದಾಟಿ ಇನ್ನೂ ಸುಮಾರು 65 ಕಿಲೋಮೀಟರ್ ಅಟ್ಲಾಂಟಿಕ್ ಒಳಗೆ ಹೋದರೆ ಸೇಂಟ್ ಕಿಲ್ಡಾ. ನನಗೆ ಬೇಕಾಗಿದ್ದು ಅದೇ. ಲಕ್ಷಗಟ್ಟಲೆ ಕಡಲಹಕ್ಕಿಗಳು ಗೂಡು ಕಟ್ಟುವ ಜಾಗ ಅಂತ ಕೇಳಿದ್ದೆ. ಅಲ್ಲಿ ಬದುಕಿದ್ದ ಜನರ ಬಗ್ಗೆ ಆಗ ನನಗೆ ಅಷ್ಟೇನೂ ಆಸಕ್ತಿ ಇರಲಿಲ್ಲ.

ದೊಡ್ಡ ಕ್ರೂಸ್ ಹಡಗು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಇಲ್ಲಿ 12 ಪ್ರಯಾಣಿಕರವರೆಗೆ ಹತ್ತಿಸುವ ಸಣ್ಣ ಬೋಟುಗಳ ಒಂದು ಲೋಕವೇ ಇದೆ. 12 ದಾಟಿದರೆ ಕಾನೂನಿನ ಲೆಕ್ಕದಲ್ಲಿ ಅದು ಪ್ರಯಾಣಿಕ ಹಡಗು, ನಿಯಮಗಳೇ ಬೇರೆ. ಹಾಗಾಗಿ ಎಲ್ಲರೂ ಆ ಸಂಖ್ಯೆಯೊಳಗೇ ನಿಲ್ಲುತ್ತಾರೆ. ಹೊರಡುವುದು ಓಬನ್ ಎಂಬ ಪೇಟೆಯಿಂದ. ಗ್ಲಾಸ್ಗೋದಿಂದ ರೈಲಿನಲ್ಲಿ ಮೂರು ಗಂಟೆಯ ದಾರಿ.

ಮೊದಲ ವರ್ಷ ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ 'ಸೇಂಟ್ ಕಿಲ್ಡಾ ಯಾನ' ಅಂತಿತ್ತು, ಕಣ್ಣುಮುಚ್ಚಿ ಬುಕ್ ಮಾಡಿದೆ. ಆರು ದಿನದ ಪ್ರಯಾಣ. 'ಹವಾಮಾನ ಒಪ್ಪಿದರೆ' ಅನ್ನೋದು ಕೆಳಗೆಲ್ಲೋ ಇರುವೆಯಂಥ ಅಕ್ಷರದಲ್ಲಿತ್ತು. ಮೂರನೇ ದಿನ ಪಶ್ಚಿಮದ ಗಾಳಿ ಎದ್ದಿತು. ಲಾಕ್‌ಮ್ಯಾಡಿ ಎಂಬ ಊರಿನ ಮರೆಯಲ್ಲಿ ಎರಡು ದಿನ ಲಂಗರು ಹಾಕಿ ಕೂತೆವು. ಇಸ್ಪೀಟು ಆಡಿದೆವು. ವಾಪಸ್ ಬಂದೆವು. ಬುಕಿಂಗ್ ಆಫೀಸಿಗೆ ಫೋನ್ ಮಾಡಿ ಜಗಳವಾಡಿದ್ದೂ ಆಯಿತು, ಫಲ ಸಿಗಲಿಲ್ಲ. ಈಗ ಯೋಚಿಸಿದರೆ ಸ್ಕಿಪ್ಪರ್ ಮಾಡಿದ್ದೇ ಸರಿ ಅನಿಸುತ್ತದೆ. ಆ ದ್ವೀಪದಲ್ಲಿ ಬೋಟು ನಿಲ್ಲಬಹುದಾದ ಕೊಲ್ಲಿ ಅಂತ ಇರೋದು ಮುಖ್ಯವಾಗಿ ಒಂದೇ, ಅದರ ಬಾಯಿ ಆಗ್ನೇಯಕ್ಕೆ. ಆ ಕಡೆಯಿಂದ ಗಾಳಿ ತಿರುಗಿದರೆ ಒಳಗಿದ್ದವರೂ ಎದ್ದು ಓಡಬೇಕು.

ಮರುವರ್ಷ ಬೇರೆ ಬೋಟು, ಹತ್ತು ದಿನ. ಹೊಸಬರಿಗೆ ನಾನು ಹೇಳುವ ಮಾತು ಇದೊಂದೇ: ಸೇಂಟ್ ಕಿಲ್ಡಾ ಬೇಕಿದ್ದರೆ ಸುಮ್ನೆ ದಿನ ಜಾಸ್ತಿ ತಗೊಳ್ಳಿ, ಕ್ಯಾಬಿನ್ ಸಣ್ಣದಾದರೂ ಚಿಂತೆಯಿಲ್ಲ. ನನ್ನ ಕ್ಯಾಬಿನ್ ನಮ್ಮೂರ ಮನೆಯ ದೇವರ ಕೋಣೆಗಿಂತ ಸಣ್ಣದು. ಇದು ಹಿಂದೆ ಮೀನು ಹಿಡಿಯುತ್ತಿದ್ದ ಮರದ ಬೋಟು. ನಾವು ಎಂಟು ಜನ, ಸ್ಕಿಪ್ಪರ್, ಒಬ್ಬ ಹುಡುಗ, ಅಡುಗೆಗೆ ಲೂಯಿಸ್ ದ್ವೀಪದ ಒಬ್ಬ ಹೆಂಗಸು.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಜೂನ್ ಆದರೂ ಉಣ್ಣೆಯ ಟೋಪಿ ಬೇಕು. ಮೊಣಕಾಲುದ್ದದ ರಬ್ಬರ್ ಬೂಟು ಬೇಕೇ ಬೇಕು. ವಾಂತಿಗೆ ಸಿನ್ನಾರಿಜಿನ್ ಮಾತ್ರೆ. ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ, ಹೊರಡುವ ಎರಡು ಗಂಟೆ ಮೊದಲೇ ನುಂಗಬೇಕು. ಅಮ್ಮ ಕಳಿಸಿದ್ದ ಮೀನು ಮಸಾಲೆಯ ಡಬ್ಬಿಯನ್ನೂ ಒಯ್ದಿದ್ದೆ. ಸ್ಕಿಪ್ಪರ್ ದಾರಿಯಲ್ಲಿ ಗಾಳ ಬಿಟ್ಟು ಮ್ಯಾಕರೆಲ್ ಹಿಡಿದ. ನಮ್ಮ ಬಂಗುಡೆಯ ದಾಯಾದಿ ಅದು. ಮಸಾಲೆ ಹಚ್ಚಿ ಕಾವಲಿಯ ಮೇಲೆ ಹುರಿದುಕೊಟ್ಟೆ. ಅವತ್ತಿನಿಂದ ಬೋಟಿನಲ್ಲಿ ನನ್ನ ಸ್ಥಾನಮಾನವೇ ಬದಲಾಯಿತು.

ಎರಡನೇ ದಿನ ಲುಂಗಾ ಎಂಬ ಸಣ್ಣ ದ್ವೀಪದಲ್ಲಿ ಪಫಿನ್‌ಗಳು. ಅಂಗೈಗಿಂತ ಸ್ವಲ್ಪ ದೊಡ್ಡ, ಬಣ್ಣದ ಕೊಕ್ಕಿನ ಹಕ್ಕಿ. ಹುಲ್ಲಿನ ಮೇಲೆ ಕೂತರೆ ಎರಡು ಮಾರು ದೂರಕ್ಕೆ ತಾವೇ ಬಂದು ನಿಲ್ಲುತ್ತವೆ. ನಮ್ಮ ಮೇಲಿನ ಪ್ರೀತಿಯಿಂದಲ್ಲ. ಮನುಷ್ಯರಿದ್ದರೆ ಅವುಗಳ ಮೀನು ಕದಿಯುವ ದೊಡ್ಡ ಹಕ್ಕಿಗಳು ಹತ್ತಿರ ಬರುವುದಿಲ್ಲ, ಅಷ್ಟೇ. ಪಕ್ಕದಲ್ಲೇ ಸ್ಟಾಫಾ ದ್ವೀಪ. ಅದನ್ನು ನೋಡಿ ನಾನು ಜೋರಾಗಿ 'ತೋನ್ಸೆಪಾರ್!' ಅಂದೆ. ಉಳಿದವರು ಗಾಬರಿಯಾದರು. ಮಲ್ಪೆಯ ಸೈಂಟ್ ಮೇರಿಸ್ ದ್ವೀಪಕ್ಕೆ ಊರಿನವರು ಕರೆಯುವ ಹೆಸರು ಅದು. ಅಲ್ಲಿರುವಂಥದೇ ಆರು ಮೂಲೆಯ ಕಲ್ಲುಕಂಬಗಳು ಇಲ್ಲಿ ಸಾಲಾಗಿ, ಮೂರು ನಾಲ್ಕು ಪಟ್ಟು ಎತ್ತರಕ್ಕೆ ನಿಂತಿವೆ. ಹರಿದ ಲಾವಾ ನಿಧಾನವಾಗಿ ಆರುವಾಗ ಕುಗ್ಗಿ ಸೀಳಿದರೆ ಹೀಗಾಗುತ್ತದೆ. ನಮ್ಮಲ್ಲಿ ಲಾವಾ ಉಕ್ಕಿದ್ದು ಮಡಗಾಸ್ಕರ್ ಭಾರತದಿಂದ ಬೇರೆಯಾಗುವಾಗ, ಇಲ್ಲಿ ಯುರೋಪು ಗ್ರೀನ್‌ಲ್ಯಾಂಡಿನಿಂದ ದೂರವಾಗುತ್ತಿದ್ದಾಗ. ಎರಡು ಕಡೆಯೂ ನೆಲ ಪಾಲಾದ ಗುರುತೇ.

ಆ ರಾತ್ರಿ ಕ್ಯಾನಾ ದ್ವೀಪದ ಬಂದರು. ಹತ್ತೂವರೆಗೂ ಬೆಳಕು. ಅಡುಗೆಯ ಹೆಂಗಸು ಊಟದ ಮೇಜನ್ನು ಕುಟ್ಟುತ್ತಾ ಗೇಲಿಕ್ ಹಾಡು ಶುರುಮಾಡಿದರು. ನೇಯ್ದ ಉಣ್ಣೆ ಬಟ್ಟೆಯನ್ನು ಒದ್ದೆ ಮಾಡಿ, ಹೆಂಗಸರೆಲ್ಲ ಮೇಜಿನ ಸುತ್ತ ಕೂತು ಬಡಿದು ಹದ ಮಾಡುವಾಗಿನ ಹಾಡು. ಒಬ್ಬರು ಸಾಲು ಹೇಳಬೇಕು, ಉಳಿದವರು ಪಲ್ಲವಿ. ಪಲ್ಲವಿಗೆ ಅರ್ಥವೇ ಇಲ್ಲ, ಬರೀ ಸದ್ದು. ನನಗೆ ಅಜ್ಜಿಯ ನಾಟಿ ಗದ್ದೆ ನೆನಪಾಯಿತು. ಅಲ್ಲೂ ಹೀಗೇ, ಒಬ್ಬಳು ಹೇಳಿದರೆ ಸಾಲು ಪೂರಾ 'ಓ ಬೇಲೆ' ಅನ್ನುತ್ತಿತ್ತು. ನಾನೂ ಎರಡು ಸಾಲು ತುಳುವಿನಲ್ಲಿ ಹಾಡಿದೆ, ಅಪಸ್ವರದಲ್ಲಿ. 'ನಿಮ್ಮ ಭಾಷೆ ಆಡುವವರು ಎಷ್ಟು ಜನ?' ಅಂತ ಕೇಳಿದರು. 2011ರ ಜನಗಣತಿಯಲ್ಲಿ 18 ಲಕ್ಷ ಅಂದೆ. ಅದೇ ವರ್ಷದ ಇಲ್ಲಿನ ಜನಗಣತಿಯಲ್ಲಿ ಗೇಲಿಕ್ ಆಡುವವರು 57 ಸಾವಿರ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗಿದ್ರೆ ನಿಮಗೇನ್ರಿ ಕಷ್ಟ' ಅಂದರು.

ಐದನೇ ದಿನ ಬೆಳಗ್ಗೆ ರೇಡಿಯೋದಲ್ಲಿ ಕಡಲ ಹವಾಮಾನ ಕೇಳಿ ಸ್ಕಿಪ್ಪರ್ ಹೆಬ್ಬೆರಳು ಎತ್ತಿದ. ಎಂಟು ಗಂಟೆಯ ಓಟ. ಅದರಲ್ಲಿ ಮೂರು ಗಂಟೆ ನಾನು ಬಕೆಟ್ಟಿನ ಜೊತೆಗಿದ್ದೆ, ಅದರ ವರ್ಣನೆ ಬೇಡ. ತಲೆ ಎತ್ತಿದಾಗ ಮೋಡದೊಳಗಿಂದ ಬೆಟ್ಟಗಳು ನೇರ ನೀರಿಗೆ ಇಳಿದಿದ್ದವು. ರಬ್ಬರ್ ದೋಣಿಯಲ್ಲಿ ಜೆಟ್ಟಿಗೆ ಹೋಗುವ ಮೊದಲು ಬೂಟು ಉಜ್ಜಿ ತೊಳೆಸಿದರು, ಬ್ಯಾಗು ಬಿಚ್ಚಿ ನೋಡಿದರು. ದ್ವೀಪದಲ್ಲಿ ಒಂದೂ ಹೆಗ್ಗಣ ಇಲ್ಲ. ಬಸುರಿ ಹೆಗ್ಗಣವೊಂದು ಇಳಿದರೆ ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಕಥೆ ಮುಗಿಯಿತು. ಹಕ್ಕಿಜ್ವರ ಬಂದು ಹೋದ ಮೇಲಂತೂ ಬೂಟಿನ ಕೊಳೆಗೂ ಹೆದರುತ್ತಾರೆ.

ಇಳಿದ ಮೇಲೆ ಹಕ್ಕಿ ನೋಡೋಣ ಅಂತ ಹೊರಟವರನ್ನು ಹಿಡಿದು ನಿಲ್ಲಿಸಿದ್ದು ಆ ಬೀದಿ. ಕೊಲ್ಲಿಯ ಸುತ್ತ ಕಮಾನಿನಂತೆ ಒಂದೇ ಸಾಲು ಕಲ್ಲಿನ ಮನೆಗಳು. ಹೆಚ್ಚಿನವಕ್ಕೆ ಸೂರಿಲ್ಲ. ಇಲ್ಲಿನ ಜನ ಮೀನಿಗಿಂತ ಜಾಸ್ತಿ ಹಕ್ಕಿ ತಿಂದು ಬದುಕಿದವರು! ಗಂಡಸರು ಹಗ್ಗ ಕಟ್ಟಿಕೊಂಡು ಬಂಡೆಯಲ್ಲಿ ಇಳಿದು ಫುಲ್ಮರ್, ಗ್ಯಾನೆಟ್ ಹಿಡಿಯುತ್ತಿದ್ದರು. ಹಕ್ಕಿಯ ಎಣ್ಣೆ ದೀಪಕ್ಕೆ. ಪುಕ್ಕ ಧಣಿಗೆ ಕೊಡುವ ಗೇಣಿಗೆ. ಗೇಣಿ ಅಂದಾಗ ನನಗೆ ಊರಿನ ಹಳೆಯ ಕಥೆಗಳು ನೆನಪಾದವು, ಆದರೆ ಪುಕ್ಕದ ಗೇಣಿ ಕೇಳಿದ್ದು ಇದೇ ಮೊದಲು. ಗುಡ್ಡದ ತುಂಬ ಕ್ಲೀಟ್ ಎಂಬ ಕಲ್ಲಿನ ಗೂಡುಗಳಿವೆ, 1,200ಕ್ಕೂ ಹೆಚ್ಚು. ಗಾರೆಯಿಲ್ಲದೆ ಕಟ್ಟಿದ ಗೋಡೆ, ಮೇಲೆ ಹುಲ್ಲಿನ ಹೊದಿಕೆ. ಕಲ್ಲಿನ ಸಂದಿಯಿಂದ ಗಾಳಿ ಹಾದು ಒಳಗಿಟ್ಟ ಹಕ್ಕಿ, ಮೊಟ್ಟೆ, ಹುಲ್ಲು ಒಣಗುತ್ತಿದ್ದವು. ಒಂದರೊಳಗೆ ತೆವಳಿ ಕೂತೆ. ಹೊರಗೆ ಮಳೆ ಹೊಡೆಯುತ್ತಿತ್ತು, ಒಳಗೆ ಒಂದು ಹನಿಯೂ ಇಲ್ಲ. ಪಕ್ಕದಲ್ಲಿ ಕಂದು ಬಣ್ಣದ ಸೋಯ್ ಕುರಿಯೊಂದು ನನ್ನ ಹಾಗೇ ಮಳೆಗೆ ಹೆದರಿ ನಿಂತಿತ್ತು.

ಕೊನೆಗೆ ಉಳಿದವರು 36 ಮಂದಿ. ಗಟ್ಟಿಮುಟ್ಟಾದ ಗಂಡಸರು ಕಡಿಮೆ, ಬೆಳೆ ಸಾಲದು, ಕಾಯಿಲೆ ಬಿದ್ದರೆ ಡಾಕ್ಟರಿಲ್ಲ. ತಾವೇ ಸರ್ಕಾರಕ್ಕೆ ಬರೆದು ಕರೆದೊಯ್ಯಿರಿ ಅಂದರು. 1930ರ ಆಗಸ್ಟ್ 29ರಂದು ಹಡಗು ಹತ್ತಿದರು. ಪ್ರತಿ ಮನೆಯಲ್ಲೂ ತೆರೆದ ಬೈಬಲ್ಲು, ಪಕ್ಕದಲ್ಲಿ ಒಂದು ಹಿಡಿ ಓಟ್ಸ್ ಧಾನ್ಯ ಇಟ್ಟು ಬಾಗಿಲು ಹಾಕಿದರಂತೆ. ಇದನ್ನು ಓದಿಕೊಂಡು ಆ ಬೀದಿಯಲ್ಲಿ ನಡೆಯುವುದೇ ಬೇರೆ. ನನ್ನ ನಾಲ್ಕು ಗಂಟೆಯಲ್ಲಿ ಎರಡೂವರೆ ಅಲ್ಲೇ ಕಳೆದುಹೋಯಿತು. ಬೈನಾಕ್ಯುಲರ್ ಬ್ಯಾಗಿನಿಂದ ಹೊರಗೇ ಬರಲಿಲ್ಲ.

ಹಕ್ಕಿಗಳು ಸಿಕ್ಕಿದ್ದು ಹೊರಡುವಾಗ. ಬೊರೆರೇ ದ್ವೀಪದ ಪಕ್ಕ ಸಮುದ್ರದಿಂದ ನೇರ ಎದ್ದ ಎರಡು ಕಲ್ಲಿನ ಕೋಡುಗಳಿವೆ. ದೊಡ್ಡದು 196 ಮೀಟರ್. ದೂರದಿಂದ ಸುಣ್ಣ ಬಳಿದಂತೆ ಕಂಡಿತು. ಹತ್ತಿರ ಹೋದಾಗ ಸುಣ್ಣ ಅಲುಗಾಡಿತು. ಎಲ್ಲ ಗ್ಯಾನೆಟ್! ಎರಡು ಮೀಟರ್ ಹತ್ತಿರ ರೆಕ್ಕೆ ಹರವುವ ಹಕ್ಕಿ, ರೆಕ್ಕೆ ಮಡಚಿ ಬಾಣದಂತೆ ನೀರಿಗೆ ಬೀಳುತ್ತದೆ. ಸದ್ದು, ವಾಸನೆ ಎರಡೂ ಮಲ್ಪೆ ಬಂದರಿನ ಹತ್ತರಷ್ಟು. ಆ ಕೋಡಿನ ಮೇಲೂ ಮನುಷ್ಯರು ಹತ್ತುತ್ತಿದ್ದರು ಅಂತ ಸ್ಕಿಪ್ಪರ್ ತೋರಿಸಿದಾಗ ಯಾರೂ ಮಾತಾಡಲಿಲ್ಲ.

ವಾಪಸ್ ಬರುವಾಗ ಓಬನ್‌ಗೆ ಸ್ವಲ್ಪ ಮೊದಲು ಎಡಕ್ಕೆ ಲಾಕಲೈನ್ ಎಂಬ ಹಳ್ಳಿ ಬಂತು. 36 ಮಂದಿಯಲ್ಲಿ ಹೆಚ್ಚಿನವರನ್ನು ಇಳಿಸಿದ್ದು ಇಲ್ಲೇ. ಅವರಲ್ಲಿ ಕೆಲವರಿಗೆ ಸರ್ಕಾರ ಕೊಟ್ಟ ಕೆಲಸ ಅರಣ್ಯ ಇಲಾಖೆಯದು. ಒಂದು ಮರವೂ ಇಲ್ಲದ ದ್ವೀಪದಿಂದ ಬಂದವರಿಗೆ! ಸ್ಕಿಪ್ಪರ್ ಎಂಜಿನ್ ನಿಧಾನ ಮಾಡಿದ. ನಾವೆಲ್ಲ ಡೆಕ್ಕಿನ ಎಡಗಡೆಗೆ ಬಂದು ಗುಡ್ಡದ ಮೇಲಿನ ಮರಗಳನ್ನು ನೋಡುತ್ತಾ ನಿಂತೆವು.