ಎನ್‌ಜಿಒ ವೆಬ್‌ಸೈಟ್ ಹೊಸದು ಮಾಡೋರಿದ್ರ ಮೊದಲ ಕುಂದಗೋಳದ ಅಕ್ಕೋರ ಮೊಬೈಲ್‌ನ್ಯಾಗ ತಗಸಿ ನೋಡ್ರಿ

ನಮ್ಮ ಹುಬ್ಬಳ್ಳಿ-ಧಾರವಾಡದಾಗ ಸಂಸ್ಥೆಗಳಿಗೇನು ಕಡಿಮಿ ಇಲ್ಲ. ಸಾಲಿ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡೋರು, ಹಳ್ಳಿಗೆ ಕಣ್ಣಿನ ಕ್ಯಾಂಪ್ ಒಯ್ಯೋರು, ಹೆಣ್ಮಕ್ಕಳಿಗೆ ಹೊಲಿಗಿ ಕಲಸೋರು, ಕೆರಿ ಹೂಳು ತಗಸೋರು, ಮತ್ತ ಎಲ್ಲಾರ್ದೂ ಒಂದೊಂದು ವೆಬ್‌ಸೈಟ್ ಐತಿ. ಅದನ್ನ ಹೊಸದು ಮಾಡೋ ಪದ್ಧತಿನೂ ಎಲ್ಲಾ ಕಡೆ ಒಂದ. ಟ್ರಸ್ಟಿಗಳ ಮೀಟಿಂಗ್‌ನ್ಯಾಗ ಯಾರೋ ಒಬ್ರು "ನಮ್ಮ ಸೈಟ್ ಭಾಳ ಹಳೇದ ಕಾಣಸ್ತೈತಿ" ಅಂತಾರ, ಇನ್ನೊಬ್ರ ಅಳಿಯ ವಿದ್ಯಾನಗರದಾಗ ವೆಬ್ ಡಿಸೈನ್ ಮಾಡ್ತಿರ್ತಾನ, ಅವಂಗ ಫೋನ್ ಹೋಗ್ತೈತಿ, ಅವ ಒಂದು ರೆಡಿಮೇಡ್ ಥೀಮ್ ತಗೊಂಡು ಮ್ಯಾಲೆ ದೊಡ್ಡ ಸ್ಲೈಡರ್ (ತಾನ ಸರಕೋತ ಹೋಗೋ ಫೋಟೋ ಸಾಲು) ಕುಂದ್ರಸಿ ಅಧ್ಯಕ್ಷರ ಫೋಟೋ, ಅಧ್ಯಕ್ಷರ ಸಂದೇಶ, ದೀಪ ಹಚ್ಚೋ ಫೋಟೋ ಎಲ್ಲಾ ಹಾಕಿ ಕೊಡ್ತಾನ. ಉದ್ಘಾಟನೆನೂ ಆಗ್ತೈತಿ. ಮರುದಿನ ಆಫೀಸಿಗೆ ಮತ್ತ ಅದ ಫೋನ್: "ಸರ, ಸ್ಕಾಲರ್‌ಶಿಪ್ ಫಾರ್ಮ್ ಎಲ್ಲಿ ಸಿಗ್ತೈತ್ರಿ?"

ಆ ಫೋನ್ ಯಾಕ ಬಂತು ಅಂತ ಪತ್ತೆ ಹಚ್ಚೋ ಕೆಲಸಕ್ಕ ಯೂಸರ್ ಎಕ್ಸ್‌ಪೀರಿಯನ್ಸ್ ರಿಸರ್ಚ್, ಚಿಕ್ಕದಾಗಿ ಯುಎಕ್ಸ್ ರಿಸರ್ಚ್ ಅಂತಾರ. ಹೆಸರು ದೊಡ್ಡದು, ಖರ್ಚು ಸಣ್ಣದು. ಡಿಸೈನರ್‌ಗೆ ಅಡ್ವಾನ್ಸ್ ಕೊಡೂಕಿಂತ ಮೊದಲ ಮಾಡ್ಬೇಕಾದ ಕೆಲಸ ಇದು, ಆಮ್ಯಾಲೆ ಮಾಡಿದ್ರ ಯಾರೂ ಕೇಳಂಗಿಲ್ಲ, ಯಾಕಂದ್ರ ಅಷ್ಟೊತ್ತಿಗೆ ರೊಕ್ಕಾ ಖರ್ಚಾಗಿರ್ತೈತಿ.

ಉದಾಹರಣೆಗೆ ಒಂದು ಸಂಸ್ಥೆ ಹಿಡಿಯೋಣ. ಆಫೀಸ್ ಧಾರವಾಡದಾಗ, ಕೆಲಸ ಕುಂದಗೋಳ, ಕಲಘಟಗಿ, ನವಲಗುಂದ ಕಡೆ ಸರಕಾರಿ ಸಾಲಿಗಳ ಜೋಡಿ, ಎಸ್ಸೆಸ್ಸೆಲ್ಸಿ ಆದ ಬಡ ಮಕ್ಕಳಿಗೆ ಮುಂದ ಓದಾಕ ಸಹಾಯ. ಇಂಥಾ ಕಡೆ ಕುಂತು ನೋಡಿದ್ದನ್ನ ಹೆಸರು ಬಿಟ್ಟು ಹೇಳ್ತೀನಿ.

ಮೊದಲ ಫೋನ್ ಎತ್ತೋರನ್ನ ಹಿಡೀರಿ

ನಿಮ್ಮ ಆಫೀಸ್‌ನ್ಯಾಗ ಫೋನ್ ಎತ್ತೋರು ಯಾರದಾರ, ವೆಬ್‌ಸೈಟ್ ಬಗ್ಗೆ ಅವರಿಗೆ ಗೊತ್ತಿದ್ದಷ್ಟು ಯಾವ ಟ್ರಸ್ಟಿಗೂ ಗೊತ್ತಿರಂಗಿಲ್ಲ. ಅವರ ಟೇಬಲ್ ಮ್ಯಾಲೆ ಒಂದು ಇನ್ನೂರು ಪುಟದ ನೋಟ್‌ಬುಕ್ ಇಡ್ರಿ, ಫೋನ್ ಬಂದಾಗ ಯಾರು, ಎಲ್ಲಿಂದ, ಏನು ಕೇಳಿದ್ರು, ಅಷ್ಟ ಬರೀಲಿ, ಅವರಾಡಿದ ಮಾತನ್ನ ಹಂಗ ಬರೀಲಿ. ವಾಟ್ಸ್ಯಾಪ್‌ನ್ಯಾಗ ಬಂದ ಪ್ರಶ್ನೆನೂ ಅದರಾಗ ಹಾಕ್ರಿ. ಆದ್ರ ಒಂದು ಲಕ್ಷ್ಯದಾಗ ಇರ್ಲಿ, ಮೇ-ಜೂನ್‌ನ್ಯಾಗ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮ್ಯಾಲೆ ಬರೋ ಫೋನ್ ಬ್ಯಾರೆ, ಮಾರ್ಚ್‌ನ್ಯಾಗ ಬರೋ ಫೋನ್ ಬ್ಯಾರೆ. ಮಾರ್ಚ್ 31 ಸಮೀಪ ಬಂತಂದ್ರ ದಾನಿಗಳಿಗೆ 80ಜಿ ರಸೀದಿ (ದಾನಕ್ಕ ಆದಾಯ ತೆರಿಗಿ ವಿನಾಯಿತಿ ಕೊಡಿಸೋದು) ನೆನಪಾಗ್ತೈತಿ. ಹಂಗಾಗಿ ಒಂದ ಸೀಸನ್ ನೋಡಿ ತೀರ್ಮಾನ ಮಾಡಬ್ಯಾಡ್ರಿ.

ಇದರ ಜೋಡಿ ಸೈಟಿಗೆ ಬಂದೋರ ಲೆಕ್ಕ ಹಿಡಿಯೋ ಗೂಗಲ್ ಅನಲಿಟಿಕ್ಸ್, ಏನು ಹುಡುಕಿ ಬಂದ್ರು ಅಂತ ಹೇಳೋ ಸರ್ಚ್ ಕನ್ಸೋಲ್, ಎರಡೂ ಫುಕಟ್. ಭಾಳ ಸಂಸ್ಥೆಗಳ ಸೈಟ್‌ನ್ಯಾಗ ಅನಲಿಟಿಕ್ಸ್ ಐತಿ ಅಂತ ತಿಳ್ಕೊಂಡಿರ್ತಾರ, ನೋಡಿದ್ರ ಯಾವುದೋ ಕಾಲದಾಗ ಹಾಕಿದ 'ಯುಎ' ಅಂತ ಶುರು ಆಗೋ ಹಳೇ ಕೋಡ್ ಇರ್ತೈತಿ. ಅದನ್ನ ಗೂಗಲ್ 2023ರ ಜುಲೈ 1ಕ್ಕ ನಿಲ್ಲಿಸೈತಿ, ಅದೀಗ ಏನೂ ಲೆಕ್ಕ ಹಿಡಿಯಂಗಿಲ್ಲ, ಅದರ ಹೊಸ ಆವೃತ್ತಿ ಜಿಎ4 ಹಾಕ್ಬೇಕು. ಇದರಾಗ ನೋಡೋದು ಇಷ್ಟ: ಬಂದೋರು ಮೊಬೈಲ್‌ನಿಂದ ಬಂದಾರೋ ಕಂಪ್ಯೂಟರ್‌ನಿಂದ ಬಂದಾರೋ, ಯಾವ ಪೇಜಿಗೆ ಬಂದು ಎಲ್ಲಿಂದ ಹೊಳ್ಳಿ ಹೋದ್ರು, ಗೂಗಲ್‌ನ್ಯಾಗ ಏನಂತ ಹುಡುಕಿ ಬಂದ್ರು. ಉಳಿದ ಗ್ರಾಫ್‌ಗಳನ್ನ ಟ್ರಸ್ಟಿ ಮೀಟಿಂಗಿಗೆ ಬಿಡ್ರಿ, ಅವರಿಗೆ ಸೇರ್ತಾವ.

'ಸೈಟ್ ಹೆಂಗೈತ್ರಿ' ಅಂತ ಕೇಳಬ್ಯಾಡ್ರಿ

ಎರಡನೇದು, ಮಂದೀನ ಭೆಟ್ಟಿ ಆಗೋದು. ಯಾರ್ಯಾರು ಅಂತ ಮೊದಲ ಗುಂಪು ಮಾಡ್ಕೊಳ್ರಿ. ನಮ್ಮ ಉದಾಹರಣೆಯೊಳಗ ಸಾಲಿ ಅಕ್ಕೋರು ಮತ್ತ ಸರ್‌ಗಳು, ಓದೋ ಹುಡುಗ್ರು ಮತ್ತ ಅವರ ಮನಿಯವರು, ಸಾವಿರ ಎರಡ್ಸಾವಿರ ಕೊಡೋ ಊರಿನ ದಾನಿಗಳು, ಹೊರದೇಶದಾಗಿರೋ ನಮ್ಮ ಮಂದಿ, ಕಂಪನಿ ಸಿಎಸ್‌ಆರ್ (ಸಮಾಜ ಸೇವಾ ಕೆಲಸಕ್ಕ ಕಂಪನಿ ಕೊಡೋ ರೊಕ್ಕಾ) ನೋಡೋ ಆಫೀಸರ್. ಸಿಎಸ್‌ಆರ್‌ನವ್ರು ಬರೋದು ಆಡಿಟ್ ರಿಪೋರ್ಟ್, ರಿಜಿಸ್ಟ್ರೇಶನ್ ಕಾಗದ ನೋಡಾಕ, ಅವರಿಗೊಂದು ಚಲೋ ಪೇಜ್ ಕೊಟ್ರ ಮುಗೀತು. ಅವರ ಸಲುವಾಗಿ ಇಡೀ ಹೋಮ್‌ಪೇಜ್ ತುಂಬಸೋದು ಬ್ಯಾಡ.

ನಮ್ಮ ಕಡೆ ಮಂದಿಗೆ "ನಮ್ಮ ವೆಬ್‌ಸೈಟ್ ಹೆಂಗೈತ್ರಿ?" ಅಂತ ಕೇಳಿದ್ರ ಉತ್ತರ ಒಂದ, "ಭಾಳ ಚಲೋ ಐತ್ರಿ ಸರ". ಅದು ಮರ್ಯಾದಿ ಮಾತು, ಮನಿಗೆ ಬಂದೋರಿಗೆ ಚಹಾ ಕೊಟ್ಟಂಗ. ಗೂಗಲ್ ಫಾರ್ಮ್ ಕಳಿಸಿದ್ರೂ ಎಲ್ಲಾರೂ ಐದಕ್ಕ ಐದು ಸ್ಟಾರ್ ಹಾಕಿ ಕಳಸ್ತಾರ. ಅದಕ್ಕ ಆಗಿಹೋದದ್ದನ್ನ ಕೇಳ್ರಿ: ಹೋದ ಸಲ ಈ ಸಹಾಯದ ಸುದ್ದಿ ನಿಮಗ ಯಾರು ಹೇಳಿದ್ರು, ಆಮ್ಯಾಲೆ ಏನು ಮಾಡಿದ್ರಿ, ಫಾರ್ಮ್ ಎಲ್ಲಿಂದ ತಗೊಂಡ್ರಿ, ಯಾರು ತುಂಬಿಕೊಟ್ರು. ಆಗ ಖರೇ ಕಥಿ ಹೊರಗ ಬರ್ತೈತಿ. ಫಾರ್ಮ್ ತುಂಬಿದಾಂವ ಹುಡುಗ ಅಲ್ಲ, ಊರಿನ ಬಸ್ ಸ್ಟ್ಯಾಂಡ್ ಹಂತೇಕ ಇರೋ ಝೆರಾಕ್ಸ್ ಅಂಗಡಿಯಾಂವ ಅನ್ನೋದು ಹಿಂಗ ಗೊತ್ತಾಗ್ತೈತಿ, ಅಂದ್ರ ಅವನೂ ನಿಮ್ಮ ವೆಬ್‌ಸೈಟಿನ ಒಬ್ಬ ಯೂಸರ್, ಅವನ್ನೂ ಮಾತಾಡಸ್ರಿ.

ಮಾತಾಡ್ಸಾಕ ಅವರಿದ್ದ ಕಡೆ ಹೋಗ್ರಿ, ಆಫೀಸಿಗೆ ಕರಿಬ್ಯಾಡ್ರಿ. ಓದೋ ಹುಡುಗ್ರು ಬೇಕಂದ್ರ ಧಾರವಾಡದ ಸಪ್ತಾಪುರ ಕಡೆ ಕೋಚಿಂಗ್ ಮುಗಿಸಿ ಚಹಾ ಕುಡಿಯಾಕ ನಿಂತಿರ್ತಾರ. ಹದಿನೆಂಟರೊಳಗಿನವರ ಹೆಸರು, ನಂಬರ್, ವಿಡಿಯೋ ತಗೋಬೇಕಾದ್ರ ಮನಿಯವರ ಒಪ್ಪಿಗಿ ತಗೋರಿ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆನೂ ಅದನ್ನ ಹೇಳ್ತೈತಿ.

ಈಗ ಸುಮ್ನ ಕುಂತು ನೋಡೋದು

ಎಲ್ಲಾದಕ್ಕಿಂತ ಉಪಯೋಗದ ಹೆಜ್ಜಿ ಇದು. ಹಳೇ ಸೈಟನ್ನ ಅವರ ಸ್ವಂತ ಮೊಬೈಲ್‌ನ್ಯಾಗ ತಗಸ್ರಿ, ನಿಮ್ಮ ಲ್ಯಾಪ್‌ಟಾಪ್ ಬ್ಯಾಡ. "ಸ್ಕಾಲರ್‌ಶಿಪ್ ಪೇಜಿಗೆ ಹೋಗ್ರಿ" ಅಂದ್ರ ಉತ್ತರ ನೀವ ಹೇಳಿದಂಗ. ಹಿಂಗ ಹೇಳ್ರಿ: "ಅಕ್ಕೋರ, ನಿಮ್ಮ ಕ್ಲಾಸಿನ ಒಬ್ಬ ಹುಡುಗಿ ಎಸ್ಸೆಸ್ಸೆಲ್ಸಿ ಪಾಸಾಗ್ಯಾಳ, ಪಿಯುಸಿ ಫೀ ಕಟ್ಟಾಕ ಮನ್ಯಾಗ ರೊಕ್ಕಿಲ್ಲ. ಈ ಸಂಸ್ಥೆಯವ್ರು ಅಕಿಗೆ ಏನರೆ ಸಹಾಯ ಮಾಡ್ತಾರೇನು ನೋಡ್ರಿ. ಏನು ನೋಡಾಕತ್ತೀರಿ, ಏನು ಅನಸಾಕತ್ತೈತಿ, ಬಾಯಿಬಿಟ್ಟು ಹೇಳ್ಕೋತ ಹೋಗ್ರಿ. ಪರೀಕ್ಷಾ ವೆಬ್‌ಸೈಟಿಗೆ, ನಿಮಗಲ್ರಿ."

ಆಮ್ಯಾಲೆ ನಿಮ್ಮ ಬಾಯಿ ಬಂದ್.

ಏನಾಗ್ತೈತಿ ನೋಡ್ರಿ. ಅಕ್ಕೋರು ಮೊಬೈಲ್‌ನ್ಯಾಗ ಅಕ್ಷರ ದೊಡ್ಡದು ಮಾಡ್ಕೊಂಡಿರ್ತಾರ, ಹಂಗಾಗಿ ಸಂಸ್ಥೆ ಹೆಸರ ಅರ್ಧ ಸ್ಕ್ರೀನ್ ತಿಂದಿರ್ತೈತಿ. ಸ್ಲೈಡರ್‌ನ್ಯಾಗ ಮಕ್ಕಳ ಫೋಟೋ ಬಂತು, "ಇದ ಇರ್ಬೇಕು" ಅಂತ ಒತ್ತಾಕ ಹೋಗೂದ್ರಾಗ ಅದು ಸರದು ದೀಪ ಹಚ್ಚೋ ಫೋಟೋ ಬಂತು. ಹಿಂದಕ್ಕ ಎಳದ್ರು, ಮಕ್ಕಳ ಫೋಟೋ ಒತ್ತಿದ್ರು, ಏನೂ ಆಗ್ಲಿಲ್ಲ, ಅದು ಬರೇ ಫೋಟೋ. ಇನ್ನೊಮ್ಮೆ ಒತ್ತಿದ್ರು. ಬಾಜೂಕ ಕುಂತ ಟ್ರಸ್ಟಿ ತಡಕೊಳ್ಳಾಕಾಗ್ದ "ಅಕ್ಕೋರ, ಮ್ಯಾಲೆ ಬಲಕ್ಕ ಮೂರು ಗೆರಿ ಅದಾವಲ್ರೀ..." ಅಂದ್ರು, ಅವರನ್ನ ಸುಮ್ನ ಕುಂದ್ರಸೋದ ಒಂದು ಕೆಲಸ. ಅಕ್ಕೋರು ಕೆಳಗ ಕೆಳಗ ಎಳಕೋತ ಹೋದ್ರು, ಸಂದೇಶ ದಾಟಿತು, ಧ್ಯೇಯೋದ್ದೇಶ ದಾಟಿತು, ಎಲ್ಲಾ ಮುಗಿದು ತಳದಾಗ ಒಂದು ಫೋನ್ ನಂಬರ್ ಕಾಣ್ತು. "ಇಲ್ಲೆ ನಂಬರ್ ಐತ್ರೀ, ಫೋನ್ ಹಚ್ಚಿ ಕೇಳ್ತೀನಿ ಬಿಡ್ರಿ."

ಆಫೀಸಿಗೆ ಬರೋ ಫೋನು ಹುಟ್ಟೋದು ಇಲ್ಲೆ.

ಒಬ್ರು ಮಾತಾಡಸ್ರಿ, ಇನ್ನೊಬ್ರು ಬರ್ಕೊಳ್ರಿ. ಬರ್ಕೊಳ್ಳುವಾಗ "ಅಕ್ಕೋರಿಗೆ ತಿಳೀಲಿಲ್ಲ" ಅಂತ ಬರಿಬ್ಯಾಡ್ರಿ, "ಮಕ್ಕಳ ಫೋಟೋ ಎರಡ್ ಸಲ ಒತ್ತಿದ್ರು, ಮೂರು ಗೆರಿ ಮೆನು ನೋಡ್ಲಿಲ್ಲ" ಅಂತ ಕಣ್ಣಿಗೆ ಕಂಡದ್ದನ್ನ ಬರೀರಿ. ಎಷ್ಟು ಮಂದೀನ ನೋಡ್ಬೇಕು ಅಂದ್ರ, ಜೇಕಬ್ ನೀಲ್ಸನ್ ಅನ್ನೋ ಯೂಸಬಿಲಿಟಿ ಪಂಡಿತ 2000ದಾಗ ಬರೆದದ್ದು ಇವತ್ತಿಗೂ ಎಲ್ಲಾರೂ ಹೇಳ್ತಾರ: ಐದು ಮಂದೀನ ನೋಡಿದ್ರ ಸುಮಾರು ಶೇ 85ರಷ್ಟು ತೊಂದ್ರಿ ಕಣ್ಣಿಗೆ ಬೀಳ್ತಾವ. ಐದು ಅಂದ್ರ ಒಂದ ಥರದ ಐದು ಮಂದಿ. ಕುಂದಗೋಳದ ಅಕ್ಕೋರನ್ನೂ ನ್ಯೂಜೆರ್ಸಿಯ ದಾನಿನ್ನೂ ಕೂಡಿಸಿ ಐದು ಎಣಿಸಿದ್ರ ಲೆಕ್ಕ ತಪ್ತೈತಿ. ಆದ್ರೂ ಮೂರು ಮಂದಿ ಒಂದ ಜಾಗಾದಾಗ ಎಡವಿದ್ರಂದ್ರ ನಾಲ್ಕನೇದವರಿಗೆ ಕಾಯೋದೇನು ಬ್ಯಾಡ, ಅಷ್ಟಕ್ಕ ತಿದ್ದಾಕ ಶುರು ಮಾಡ್ರಿ.

ಚೀಟಿ ಹಂಚೋ ಆಟ

ಮೆನುದಾಗ ಏನಿರ್ಬೇಕು ಅನ್ನೋದಕ್ಕ ಕಾರ್ಡ್ ಸಾರ್ಟಿಂಗ್ ಅಂತ ಐತಿ. ಸೈಟ್‌ನ್ಯಾಗಿರೋ ಒಂದೊಂದು ವಿಷಯನ್ನ ಒಂದೊಂದು ಚೀಟಿ ಮ್ಯಾಲೆ ಬರೀರಿ, ಮೂವತ್ತು ನಲವತ್ತು ಸಾಕು, ಚಾಪಿ ಮ್ಯಾಲೆ ಹರವಿ "ಯಾವ ಯಾವ ಚೀಟಿ ಒಂದ ಕಡೆ ಇರ್ಬೇಕು ಅನಸ್ತೈತಿ ಗುಂಪು ಮಾಡ್ರಿ, ಗುಂಪಿಗೆ ನೀವ ಹೆಸರಿಡ್ರಿ" ಅನ್ರಿ. ಟ್ರಸ್ಟಿಗಳಿಟ್ಟ 'ನಮ್ಮ ಉಪಕ್ರಮಗಳು' ಯಾರ ಬಾಯಾಗೂ ಬರಂಗಿಲ್ಲ, 'ಮಕ್ಕಳಿಗೆ ಸಹಾಯ', 'ರೊಕ್ಕಾ ಕೊಡೋದು', 'ಲೆಕ್ಕಪತ್ರ' ಇಂಥಾವ ಬರ್ತಾವ. ಆ ಹೆಸರನ್ನ ಸ್ವಲ್ಪ ತಿದ್ದಿ ಹಂಗ ಮೆನುಕ್ಕ ಹಾಕ್ರಿ. 'ಅಧ್ಯಕ್ಷರ ಸಂದೇಶ' ಅನ್ನೋ ಚೀಟಿ ಕಡೀತನಕ ಕೈಯಾಗ ಉಳೀತೈತಿ, ಎಲ್ಲಿಡ್ಬೇಕು ಯಾರಿಗೂ ತಿಳಿಯಂಗಿಲ್ಲ. ಇದನ್ನ ಅಧ್ಯಕ್ಷರಿಗೆ ಹೇಳೋದು ಹೆಂಗ? ಹೇಳಬ್ಯಾಡ್ರಿ, ಒಪ್ಪಿಗಿ ತಗೊಂಡು ಅಕ್ಕೋರ ಕೈಯಷ್ಟ ಕಾಣೋ ಹಂಗ ವಿಡಿಯೋ ಮಾಡಿರ್ರಿ, ಮೀಟಿಂಗ್‌ನ್ಯಾಗ ಅದನ್ನ ತೋರಸ್ರಿ. ಎರಡು ನಿಮಿಷದ ವಿಡಿಯೋ ನೋಡಿದ ಮ್ಯಾಲೆ ಸ್ಲೈಡರ್ ಬೇಕಂತ ಹಟ ಹಿಡಿಯೋರು ಕಡಿಮಿ.

ಇಷ್ಟಾದ ಮ್ಯಾಲೆ ಹೊಸ ಪೇಜಿನ ನಕ್ಷಾ ಮೊಬೈಲ್ ಅಳತಿ ಹಾಳಿ ಮ್ಯಾಲೆ ಪೆನ್ಸಿಲ್‌ನಿಂದ ತಗೀರಿ, ಫಿಗ್ಮಾ ಅನ್ನೋ ಡಿಸೈನ್ ಸಾಫ್ಟ್‌ವೇರ್ ಬರ್ತಿದ್ರ ಅದರಾಗ ಮಾಡ್ರಿ, ಮತ್ತ ಅದ ಪ್ರಶ್ನೆ ಕೇಳಿ ನೋಡ್ರಿ. ಹಾಳಿ ಮ್ಯಾಲಿನ ತಪ್ಪು ಅಳಿಸಾಕ ರಬ್ಬರ್ ಸಾಕು.

ದಾನದ ಪೇಜು

ಇಲ್ಲೆ ಸ್ವಲ್ಪ ನಿಂತು ನೋಡ್ಬೇಕು. ಮ್ಯಾಲೆ ಹೇಳಿದ ನೀಲ್ಸನ್ ಅವರ ಕಂಪನಿ ನೀಲ್ಸನ್ ನಾರ್ಮನ್ ಗ್ರೂಪ್‌ನವ್ರು 2009ರಾಗ ಅಮೆರಿಕದ ದಾನಿಗಳನ್ನ ಕುಂದ್ರಸಿ ನೋಡಿದಾಗ ಅವರು ಮೊದಲ ಹುಡುಕಿದ್ದು ಎರಡ: ಈ ಸಂಸ್ಥೆ ಏನು ಕೆಲಸ ಮಾಡ್ತೈತಿ, ನನ್ನ ರೊಕ್ಕಾ ಎಲ್ಲಿಗೆ ಹೋಗ್ತೈತಿ. ನಮ್ಮ ಕಡೆನೂ ಮಂದಿ ಕೇಳೋದು ಅದನ್ನ, ಅದರ ಮ್ಯಾಲೆ 80ಜಿ ಸಿಗ್ತೈತೇನ್ರಿ ಅಂತ ಒಂದು ಪ್ರಶ್ನೆ ಜಾಸ್ತಿ.

ಎಲ್ಲಾರೂ ದಾನದ ಪೇಜಿನ್ಯಾಗ ದೊಡ್ಡದೊಂದು ಯುಪಿಐ ಕ್ಯೂಆರ್ ಕೋಡ್ ಹಾಕಿರ್ತಾರ. ಮಂದಿ ನೋಡೋದು ಮೊಬೈಲ್‌ನ್ಯಾಗ, ತನ್ನ ಮೊಬೈಲ್‌ನ್ಯಾಗಿನ ಕೋಡನ್ನ ತನ್ನ ಮೊಬೈಲ್‌ನಿಂದ ಹೆಂಗ ಸ್ಕ್ಯಾನ್ ಮಾಡ್ಬೇಕು? ಸ್ಕ್ರೀನ್‌ಶಾಟ್ ತಗೊಂಡು ಗ್ಯಾಲರಿಯಿಂದ ಹಾಕಾಕ ಬರೋರು ಹಾಕ್ತಾರ, ಉಳಿದೋರು ಬಿಟ್ಟು ಹೋಗ್ತಾರ. ಒತ್ತಿದ್ರ ಯುಪಿಐ ಆ್ಯಪ್ ತೆರೆಯೋ ಬಟನ್ ಒಂದು, ಯುಪಿಐ ಐಡಿ ಕಾಪಿ ಮಾಡೋ ಬಟನ್ ಒಂದು ಕೊಡ್ರಿ, ಕ್ಯೂಆರ್ ಕಂಪ್ಯೂಟರ್‌ನ್ಯಾಗ ನೋಡೋರಿಗೆ ಇರ್ಲಿ. 80ಜಿ ಬೇಕಂದೋರಿಗೆ ಮಾತ್ರ ಪ್ಯಾನ್ ನಂಬರ್ ಮತ್ತ ವಿಳಾಸ ಕೇಳ್ರಿ, ಎರಡು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ರ ಆ ವಿನಾಯಿತಿ ಸಿಗಂಗಿಲ್ಲ ಅನ್ನೋದನ್ನೂ ಅಲ್ಲೆ ಬರೀರಿ. ಹೊರದೇಶದವರ ಸಲುವಾಗಿ ಬ್ಯಾರೆ ದಾರಿ ಬೇಕು: ಭಾರತದ ಪಾಸ್‌ಪೋರ್ಟ್ ಇದ್ದ ಎನ್‌ಆರ್‌ಐ ತಮ್ಮ ಉಳಿತಾಯದ ರೊಕ್ಕಾ ಬ್ಯಾಂಕ್ ಮೂಲಕ ಕಳಿಸಿದ್ರ ಅದು ವಿದೇಶಿ ದೇಣಿಗಿ ಅನಿಸಂಗಿಲ್ಲ, ಅಮೆರಿಕದ ಪಾಸ್‌ಪೋರ್ಟ್ ಆಗಿದ್ರ ಸಂಸ್ಥೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗಿ ತಗೊಳ್ಳಾಕ ಸರಕಾರದ ಪರವಾನಗಿ) ಬೇಕು, ಆ ರೊಕ್ಕಾ ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರ್ಬೇಕು. "ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು" ಅಂತ ಒಂದ ಪ್ರಶ್ನೆ ಮೊದಲ ಕೇಳಿದ್ರ ಆಮ್ಯಾಲೆ ರೊಕ್ಕಾ ಹೊಳ್ಳಿ ಕಳಸೋ ತಲಿಬ್ಯಾನಿ ಇಲ್ಲ.

ಕನ್ನಡ ಓದಾಕ ಬರ್ಬೇಕಲ್ಲ

ಇಂಗ್ಲಿಷ್ ಥೀಮಿನ್ಯಾಗ ಕನ್ನಡ ತುಂಬಿದ್ರ ಒತ್ತಕ್ಷರದ ಕಾಲು ಕೆಳಗಿನ ಸಾಲಿನ ತಲಿಗೆ ಬಡೀತೈತಿ. ಸಾಲಿನ ಅಂತರ ಅಕ್ಷರದ ಅಳತಿಯ ಒಂದೂವರಿ ಪಟ್ಟರೆ ಇರ್ಲಿ, ಕನ್ನಡಕ್ಕ ಅದಕ್ಕಿಂತ ಸ್ವಲ್ಪ ಜಾಸ್ತಿನ ಚಲೋ. ಬಟನ್ ಮ್ಯಾಲೆ 'ಸ್ವಯಂಸೇವಕರಾಗಿ ನೋಂದಾಯಿಸಿಕೊಳ್ಳಿ' ಅಂತ ಬರದ್ರ ಮೂರು ಸಾಲು ಆಗ್ತೈತಿ, 'ನಮ್ಮ ಜೊತೆ ಸೇರಿ' ಸಾಕು. ಫಾಂಟ್ ನೋಟೋ ಸಾನ್ಸ್ ಕನ್ನಡ ಇದ್ರ ಯಾವ ಮೊಬೈಲ್‌ನ್ಯಾಗೂ ತೊಂದ್ರಿ ಇಲ್ಲ. ಗೂಗಲ್ ಫಾಂಟ್ಸ್‌ನ್ಯಾಗ 'ಹುಬ್ಬಳ್ಳಿ' ಅಂತನ ಒಂದು ಕನ್ನಡ ಫಾಂಟ್ ಐತಿ, ಊರಿನ ಅಭಿಮಾನಕ್ಕ ತಲೆಬರಹಕ್ಕ ಹಾಕ್ಕೊಳ್ರಿ, ಉದ್ದ ಬರಹಕ್ಕ ನನಗೇನು ಸೇರಂಗಿಲ್ಲ.

ಹಳೇ 'ನುಡಿ', 'ಬರಹ' ಫಾಂಟ್‌ನ್ಯಾಗ ಟೈಪ್ ಮಾಡಿದ ವಾರ್ಷಿಕ ವರದಿ ಇದ್ರ ಯೂನಿಕೋಡಿಗೆ ಕನ್ವರ್ಟ್ ಮಾಡಿ ಪೇಜಿನ್ಯಾಗ ಹಾಕ್ರಿ, ಇಲ್ಲಾಂದ್ರ ಕನ್ನಡದಾಗ ಹುಡುಕಿದ್ರ ಗೂಗಲ್‌ಗೆ ಅದು ಸಿಗಂಗಿಲ್ಲ. ಅರ್ಜಿ ಫಾರ್ಮನ್ನ ಸ್ಕ್ಯಾನ್ ಮಾಡಿ ಓರೆ ನಿಂತ ಪಿಡಿಎಫ್ ಹಾಕೋದಂತೂ ಬ್ಯಾಡೇ ಬ್ಯಾಡ, ಆದ್ರ ಝೆರಾಕ್ಸ್ ಅಂಗಡಿಯಾಂವ ಪ್ರಿಂಟ್ ತಗಿಯಾಕ ಒಂದು ನೀಟಾದ ಪಿಡಿಎಫ್ ಇರ್ಲಿ. ಕನ್ನಡ ಪೇಜಿನ ಕೋಡ್‌ನ್ಯಾಗ ಭಾಷೆ ಕನ್ನಡ ಅಂತ ಗುರುತು ಹಾಕ್ಸಿದ್ರ ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಸರಿಯಾಗಿ ಕನ್ನಡದಾಗ ಓದ್ತೈತಿ. ಅಕ್ಷರ ಮತ್ತ ಹಿಂದಿನ ಬಣ್ಣದ ನಡುವ 4.5ಕ್ಕ 1ರಷ್ಟರೆ ವ್ಯತ್ಯಾಸ ಇರ್ಬೇಕು ಅಂತ ಡಬ್ಲ್ಯುಸಿಎಜಿ (ವೆಬ್‌ಸೈಟ್ ಎಲ್ಲಾರಿಗೂ ಬಳಸಾಕ ಬರೋ ಹಂಗ ಮಾಡೋ ಅಂತರರಾಷ್ಟ್ರೀಯ ಮಾರ್ಗಸೂಚಿ) ನಿಯಮ ಐತಿ, ಬಿಸಲಾಗ ನಿಂತು ಮೊಬೈಲ್ ತಗದ್ರ ಅದು ಯಾಕಂತ ತಿಳೀತೈತಿ.

ಹೊಸ ಸೈಟ್ ಬಿಡುವಾಗ

ವಾಟ್ಸ್ಯಾಪ್ ಗ್ರೂಪ್‌ಗಳೊಳಗ ನಿಮ್ಮ ಹಳೇ ಲಿಂಕ್‌ಗಳು ಇನ್ನೂ ತಿರಗ್ತಿರ್ತಾವ, ಅವು 'ಪೇಜ್ ಸಿಗ್ಲಿಲ್ಲ' ಅನ್ನಬಾರ್ದು. ಒಂದೊಂದು ಹಳೇ ಲಿಂಕಿಗೂ 301 ರಿಡೈರೆಕ್ಟ್ (ಹಳೇ ಲಿಂಕ್ ಒತ್ತಿದ್ರ ತಾನ ಹೊಸ ಪೇಜಿಗೆ ಒಯ್ಯೋ ವ್ಯವಸ್ಥಾ) ಹಾಕಸ್ರಿ. ಬಿಟ್ಟ ಮ್ಯಾಲೆ ಹಳೇ ಸೈಟಿಗೆ ಕೇಳಿದ ಪ್ರಶ್ನೆಗಳನ್ನ ಹೊಸಬ್ರ ಮುಂದ ಇಟ್ಟು ಮತ್ತೊಮ್ಮೆ ನೋಡ್ರಿ. ಡೊಮೇನ್ ಯಾರ ಹೆಸರಿನ್ಯಾಗ ಐತಿ ಅಂತನೂ ಈಗ ಕೇಳ್ರಿ. ಎಷ್ಟೋ ಸಂಸ್ಥೆದು ಯಾವಾಗೋ ಬಿಟ್ಟು ಹೋದ ವಾಲಂಟಿಯರ್ ಹುಡುಗನ ಜಿಮೇಲ್‌ನ್ಯಾಗ ಇರ್ತೈತಿ, ಅವ ಈಗ ಬೆಂಗಳೂರಾಗ ನೌಕರಿ ಮಾಡ್ತಿರ್ತಾನ, ರಿನ್ಯೂವಲ್ ಮೇಲ್ ಅವನ ಸ್ಪ್ಯಾಮ್‌ಗೆ ಹೋಗ್ತಿರ್ತೈತಿ. ಅದನ್ನ ಸಂಸ್ಥೆಯ ಇಮೇಲಿಗೆ ವರ್ಗಾ ಮಾಡಸ್ರಿ, ಪಾಸ್‌ವರ್ಡ್ ಇಬ್ಬರ ಕೈಯಾಗ ಇರ್ಲಿ, ರಿನ್ಯೂವಲ್ ತಾರೀಖನ್ನ ಅಕೌಂಟೆಂಟ್ ಕ್ಯಾಲೆಂಡರ್‌ನ್ಯಾಗ ಕೆಂಪು ಪೆನ್ನಿನಿಂದ ಬರಸ್ರಿ.